ಭೂಮಿಗೆ ಸವಕಳಿ ಇಲ್ಲವೇ?

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಅಧ್ಯಾಯವಿದೆ. ಕಾಮರ್ಸ್ ಓದುವವರಿಗೆ ಇದು ಗೊತ್ತಿರುವ ವಿಷಯ; ಸೈನ್ಸ್ ಮತ್ತು ಆರ್ಟ್ಸ್‌ನವರಿಗಾಗಿ ಎರಡು ಮಾತು. ಒಂದು ಯಂತ್ರವನ್ನು 1 ಲಕ್ಷ ರೂಪಾಯಿ ಕೊಟ್ಟು ತಂದರೆ ಅದು ವರ್ಷ ಕಳೆದಂತೆ ಸವೆಯುತ್ತದೆ. ಆ ಸವೆತಕ್ಕೆ ಒಂದು ಬೆಲೆ ಕಟ್ಟಿ ಪ್ರತಿ ವರ್ಷ ಖರ್ಚಿನ ಕಡೆ ಬರೆಯಬೇಕು. ಇಲ್ಲದಿದ್ದರೆ ಇಲ್ಲದ ಲಾಭವನ್ನು ಇದೆ ಎಂದು ತೋರಿಸಿದಂತಾಗುತ್ತದೆ. ಕಟ್ಟಡಕ್ಕೆ ಸವಕಳಿ ಇದೆ, ಪೀಠೋಪಕರಣಕ್ಕೆ ಇದೆ, ವಾಹನಕ್ಕೆ ಇದೆ. ಭೂಮಿಗೆ ಮಾತ್ರ ಇಲ್ಲ. ಭೂಮಿಯ ಆಯುಷ್ಯಕ್ಕೆ ಮಿತಿ ಇಲ್ಲ, ಆದ್ದರಿಂದ ಅದರ ಮೇಲೆ ಸವಕಳಿ ಹಾಕುವುದಿಲ್ಲ ಎಂದು ಸರ್ ಬರೆಸಿದರು.

ನಾನು ಕೈ ಎತ್ತಿದೆ. "ಸರ್, ಹೈಸ್ಕೂಲಿನಲ್ಲಿ ಮಣ್ಣಿನ ಸವಕಳಿ ಅಂತ ಓದಿದ್ದೆವಲ್ಲ?"

ಇಡೀ ಕ್ಲಾಸು ನಕ್ಕಿತು. ಸರ್ ನಗಲಿಲ್ಲ. "ಪುಸ್ತಕದ ನಿಯಮ ವ್ಯಾಪಾರಕ್ಕೆ ಮಾಡಿದ್ದು. ಭೂಮಿ ನಿಜವಾಗಿ ಸವೆಯುತ್ತದೋ ಇಲ್ಲವೋ ನೀನೇ ಲೈಬ್ರರಿಯಲ್ಲಿ ಹುಡುಕಿ ನ್ಯೂಸ್‌ಲೆಟರಿಗೆ ಬರೆದುಕೊಡು" ಅಂದರು. ಅವರು ಮರೆತಿರಬಹುದು. ನಾನು ಒಂದು ವರ್ಷ ತಡವಾಗಿ ಬರೆದುಕೊಡುತ್ತಿದ್ದೇನೆ.

ಲೈಬ್ರರಿಯ ದೊಡ್ಡ ಅಟ್ಲಾಸಿನಿಂದ ಶುರು ಮಾಡಿದೆ. ಹುಡುಕುತ್ತಾ ಹೋದಾಗ ನಿಂತ ಜಾಗ ಗ್ರ್ಯಾಂಡ್ ಕ್ಯಾನ್ಯನ್. ಇದು ಅಮೆರಿಕದ ಅರಿಜೋನಾ ರಾಜ್ಯದ ಉತ್ತರದಲ್ಲಿರುವ, ಕೊಲೊರಾಡೊ ನದಿ ಕೊರೆದ ಕಂದರ. ಪ್ರಪಂಚದಲ್ಲಿ ಇದಕ್ಕಿಂತ ಆಳದ ಕಂದರಗಳಿವೆ. ನಮ್ಮ ಬ್ರಹ್ಮಪುತ್ರವೇ ಟಿಬೆಟ್‌ನಲ್ಲಿ ಯಾರ್ಲುಂಗ್ ತ್ಸಾಂಗ್ಪೊ ಎಂಬ ಹೆಸರಿನಲ್ಲಿ ಹರಿಯುವಾಗ ಇನ್ನೂ ಆಳವಾಗಿ ಕೊರೆದಿದೆ. ಆದರೂ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್ ಎನ್ನುವುದಕ್ಕೆ ಕಾರಣವಿದೆ. ಅಲ್ಲಿ ಭೂಮಿಯ ಲೆಕ್ಕದ ಪುಸ್ತಕ ತೆರೆದೇ ಇದೆ.

ಮೊದಲು ಅಳತೆ. ಕಂದರದ ಉದ್ದ 446 ಕಿಲೋಮೀಟರ್. ಬೆಂಗಳೂರಿನಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋದವರು ಅಷ್ಟು ದೂರವೂ ರಸ್ತೆಯ ಪಕ್ಕದಲ್ಲಿ ಒಂದೇ ಕಮರಿ ಇದೆ ಎಂದು ಊಹಿಸಿಕೊಳ್ಳಿ. ಅಗಲ ಸರಾಸರಿ 16 ಕಿಲೋಮೀಟರ್, ಅತಿ ಹೆಚ್ಚು ಇರುವಲ್ಲಿ 29. ಆಳ ಸುಮಾರು 1,600 ಮೀಟರ್, ಕೆಲವು ಕಡೆ 1,800 ಮೀರುತ್ತದೆ. ದಕ್ಷಿಣ ಅಂಚಿನಲ್ಲಿ ನಿಂತರೆ ಉತ್ತರ ಅಂಚು ಕಣ್ಣಿಗೆ ಕಾಣುತ್ತದೆ, ಹಕ್ಕಿಗೆ ಅದು 16 ಕಿಲೋಮೀಟರ್ ದಾರಿ. ಕಾರಿನಲ್ಲಿ ಹೋಗಬೇಕೆಂದರೆ ಸುತ್ತು ಹಾಕಿ ಸುಮಾರು 350 ಕಿಲೋಮೀಟರ್ ಹೋಗಬೇಕು. ಬೇಸಿಗೆಯಲ್ಲಿ ಮೇಲಿನ ಅಂಚು ತಂಪಾಗಿರುವಾಗಲೇ ತಳದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಈಗ ಸವಕಳಿ. ನಮಗೆ ಗೊತ್ತಿರುವ ಅತಿ ಸುಲಭದ ವಿಧಾನ ನೇರ ರೇಖಾ ಪದ್ಧತಿ: ಒಟ್ಟು ಸವೆತವನ್ನು ವರ್ಷಗಳಿಂದ ಭಾಗಿಸುವುದು. ಕೊಲೊರಾಡೊ ನದಿ ಈಗಿನ ದಾರಿ ಹಿಡಿದು ಇಡೀ ಕಂದರವನ್ನು ಕೊರೆಯಲು ಶುರು ಮಾಡಿದ್ದು 50ರಿಂದ 60 ಲಕ್ಷ ವರ್ಷಗಳ ಹಿಂದೆ ಎಂದು ಬಹುಪಾಲು ಭೂವಿಜ್ಞಾನಿಗಳು ಹೇಳುತ್ತಾರೆ. ಕೆಲವು ತುಂಡುಗಳು ಅದಕ್ಕಿಂತ ತುಂಬಾ ಹಳೆಯವು, ಬೇರೆ ನದಿಗಳು ಕೊರೆದಿಟ್ಟವು, ಕೊಲೊರಾಡೊ ಬಂದು ಅವನ್ನೆಲ್ಲ ಜೋಡಿಸಿತು ಎಂಬ ವಾದವೂ ಇದೆ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ನಾನು 60 ಲಕ್ಷ ಇಟ್ಟುಕೊಂಡೆ. 1,600 ಮೀಟರ್ ಅಂದರೆ 16 ಲಕ್ಷ ಮಿಲಿಮೀಟರ್. ಭಾಗಿಸಿದರೆ ವರ್ಷಕ್ಕೆ 0.27 ಮಿಲಿಮೀಟರ್. ಕಾಲು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಮನುಷ್ಯ 70 ವರ್ಷ ಬದುಕಿದರೆ ಅವನ ಇಡೀ ಜೀವಮಾನದಲ್ಲಿ ನದಿ 2 ಸೆಂಟಿಮೀಟರ್ ಕೂಡ ಇಳಿದಿರುವುದಿಲ್ಲ. ಸರ್, ನಿಮ್ಮ ನಿಯಮ ಮಾಡಿದವರಿಗೆ ಭೂಮಿ ಸವೆಯುವುದು ಕಾಣದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಿಜವಾಗಿ ಕೊರೆತ ಹೀಗೆ ಸಮ ಕಂತಿನಲ್ಲಿ ನಡೆಯುವುದಿಲ್ಲ. ನೀರು ಬರೀ ನೀರಾಗಿದ್ದರೆ ಗಟ್ಟಿ ಕಲ್ಲಿಗೆ ಹೆಚ್ಚೇನೂ ಮಾಡಲಾರದು. ಕೊರೆಯುವ ಕೆಲಸ ಮಾಡುವುದು ನೀರು ಹೊತ್ತು ತರುವ ಮರಳು, ಜಲ್ಲಿ, ಬಂಡೆ. ನಮ್ಮ ಓಣಿಗೆ ಚಾಕು ಸಾಣೆ ಹಿಡಿಯುವವರು ಸೈಕಲ್ ಮೇಲೆ ಬರುತ್ತಾರಲ್ಲ, ಅವರ ಚಕ್ರದಲ್ಲಿ ಸಾಣೆಕಲ್ಲು ಇಲ್ಲದೆ ಬರೀ ರಬ್ಬರ್ ಇದ್ದರೆ ಎಷ್ಟು ತುಳಿದರೂ ಚಾಕು ಹರಿತವಾಗುವುದಿಲ್ಲ. ಹಾಗೆಯೇ ಇದು. ರಾಕಿ ಪರ್ವತದ ಹಿಮ ಕರಗಿ ಪ್ರವಾಹ ಬಂದಾಗ ನದಿಯ ತಳದಲ್ಲಿ ಬಂಡೆಗಳು ಉರುಳುತ್ತವೆ. ಸುಮ್ಮನೆ ಹರಿಯುವ ಎಷ್ಟೋ ತಿಂಗಳ ಕೆಲಸ ಒಂದು ವಾರದ ಪ್ರವಾಹದಲ್ಲಿ ಆಗುತ್ತದೆ.

ಇನ್ನೊಂದು ಕಾರಣ ಎತ್ತರ. ಆ ಇಡೀ ಪ್ರದೇಶವನ್ನು ಕೊಲೊರಾಡೊ ಪ್ರಸ್ಥಭೂಮಿ ಎನ್ನುತ್ತಾರೆ. ಭೂಮಿಯ ಒಳಗಿನ ಒತ್ತಡದಿಂದ ಅದು ಕೋಟಿಗಟ್ಟಲೆ ವರ್ಷಗಳ ಕಾಲ ನಿಧಾನವಾಗಿ ಮೇಲಕ್ಕೆ ಎದ್ದಿತು. ಪದರಗಳು ಹೆಚ್ಚು ಮುರಿಯದೆ, ಮಡಚದೆ, ತಟ್ಟೆಯನ್ನು ಎತ್ತಿದ ಹಾಗೆ ಮಟ್ಟವಾಗಿಯೇ ಎದ್ದವು. ನೆಲ ಎತ್ತರವಾದಷ್ಟೂ ನದಿಗೆ ಇಳಿಜಾರು ಹೆಚ್ಚು, ಇಳಿಜಾರು ಹೆಚ್ಚಿದಷ್ಟೂ ಕೊರೆತ ಹೆಚ್ಚು.

ಅಗಲದ ಪಾಲು ಮಾತ್ರ ನದಿಯದ್ದಲ್ಲ. ತಳದಲ್ಲಿ ನದಿಯ ಅಗಲ ಸರಾಸರಿ 90 ಮೀಟರ್ ಅಷ್ಟೇ. ಅದು ನೇರ ಕೆಳಕ್ಕೆ ಕೊರೆಯಿತು. ಪಕ್ಕದ ಗೋಡೆಗಳನ್ನು ಕೆಡವಿದ್ದು ಮಳೆ, ಸೀಳಿನಲ್ಲಿ ನೀರು ಹೆಪ್ಪುಗಟ್ಟಿ ಕಲ್ಲನ್ನು ಒಡೆಯುವ ಚಳಿ, ಮತ್ತು ಪಕ್ಕದಿಂದ ಬಂದು ಸೇರುವ ನೂರಾರು ತೊರೆಗಳು. ಗಟ್ಟಿ ಕಲ್ಲು ನೇರ ಗೋಡೆಯಾಗಿ ನಿಂತಿತು, ಮೆದು ಕಲ್ಲು ಇಳಿಜಾರಾಗಿ ಕುಸಿಯಿತು. ಅದಕ್ಕೇ ಕಂದರದ ಫೋಟೊದಲ್ಲಿ ಮೆಟ್ಟಿಲು ಮೆಟ್ಟಿಲು ಕಾಣುತ್ತದೆ. ಅದು ಒಣ ಪ್ರದೇಶ. ಹೆಚ್ಚು ಮಳೆ ಬೀಳುವ ಊರಾಗಿದ್ದರೆ ಈ ಮೂಲೆಗಳೆಲ್ಲ ಯಾವಾಗಲೋ ದುಂಡಗಾಗಿ ಹುಲ್ಲು ಬೆಳೆಯುತ್ತಿತ್ತು.

ಇನ್ನು ಪುಸ್ತಕದ ವಿಷಯ. ನಮ್ಮ ಮನೆಯಲ್ಲಿ ದಾದಾ ಬರೆದಿಟ್ಟ ಹಳೆಯ ಕಿರ್ದಿ ಪುಸ್ತಕಗಳಿವೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಪುಸ್ತಕದಲ್ಲಿ ದಾದಾ ಬರೆದಿರುವುದು ಕನ್ನಡ. ಆದರೆ ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ ಎಂಬ ಮಾತುಗಳು ಎರಡರಲ್ಲೂ ಒಂದೇ ಆದ್ದರಿಂದ ಚಿಕ್ಕಂದಿನಿಂದಲೂ ಅವನ್ನು ಓದಲು ನನಗೆ ಕಷ್ಟವಾಗಲಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ ಎಂದು ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಾರೆ. ಗ್ರ್ಯಾಂಡ್ ಕ್ಯಾನ್ಯನ್ ಕೂಡ ಹಾಗೆಯೇ.

ಎಲ್ಲಕ್ಕಿಂತ ಮೇಲಿರುವುದು ಕೈಬಾಬ್ ಸುಣ್ಣಕಲ್ಲು, ವಯಸ್ಸು ಸುಮಾರು 27 ಕೋಟಿ ವರ್ಷ. ಅದರೊಳಗೆ ಕಪ್ಪೆಚಿಪ್ಪು, ಸ್ಪಂಜು ಮುಂತಾದ ಸಮುದ್ರ ಜೀವಿಗಳ ಗುರುತುಗಳಿವೆ. ಅಂದರೆ ಸಮುದ್ರ ಮಟ್ಟದಿಂದ 2,000 ಮೀಟರ್‌ಗೂ ಎತ್ತರದಲ್ಲಿ, ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುವ ಆ ಅಂಚು ಒಂದು ಕಾಲದಲ್ಲಿ ಸಮುದ್ರದ ತಳ. ಸ್ವಲ್ಪ ಕೆಳಗೆ ಇಳಿದರೆ ಕೊಕೊನಿನೊ ಮರಳುಗಲ್ಲು. ಅದು ಮರುಭೂಮಿಯ ಮರಳು ದಿಬ್ಬಗಳು ಗಟ್ಟಿಯಾದದ್ದು, ಆ ದಿಬ್ಬಗಳ ಮೇಲೆ ನಡೆದ ಪ್ರಾಣಿಗಳ ಹೆಜ್ಜೆ ಗುರುತುಗಳು ಇನ್ನೂ ಇವೆ. ಇನ್ನೂ ಕೆಳಗೆ ರೆಡ್‌ವಾಲ್ ಎಂಬ ದೊಡ್ಡ ಕೆಂಪು ಗೋಡೆ. ತಮಾಷೆ ಎಂದರೆ ಆ ಕಲ್ಲಿನ ನಿಜವಾದ ಬಣ್ಣ ಬೂದು. ಮೇಲಿನ ಪದರಗಳಲ್ಲಿರುವ ಕಬ್ಬಿಣದ ತುಕ್ಕು ಮಳೆ ನೀರಿನಲ್ಲಿ ಇಳಿದು ಅದಕ್ಕೆ ಕೆಂಪು ಬಳಿದಿದೆ. ಸಮುದ್ರ, ಮರುಭೂಮಿ, ಜೌಗು, ಮತ್ತೆ ಸಮುದ್ರ ಎಂದು ಒಂದೇ ಜಾಗ ಎಷ್ಟು ಸಲ ವೇಷ ಬದಲಿಸಿದೆಯೋ ಅಷ್ಟೂ ಅಲ್ಲಿ ಬರೆದಿದೆ. ಡೈನೊಸಾರ್ ಮೂಳೆ ಸಿಗುತ್ತದೆಯೇ ಎಂದು ನನ್ನ ತಮ್ಮ ಕೇಳಿದ. ಸಿಗುವುದಿಲ್ಲ. ಅಲ್ಲಿನ ಪದರಗಳೆಲ್ಲ ಡೈನೊಸಾರ್‌ಗಳು ಹುಟ್ಟುವುದಕ್ಕಿಂತ ಹಳೆಯವು. ಅವುಗಳ ಕಾಲದ ಪದರಗಳೂ ಮೇಲೆ ಇದ್ದವು, ಸವೆದು ಹೋಗಿವೆ.

ತೀರಾ ತಳದಲ್ಲಿ, ನದಿಯ ಪಕ್ಕದಲ್ಲಿ, ಕಪ್ಪಾಗಿ ಹೊಳೆಯುವ ಕಲ್ಲಿದೆ. ವಯಸ್ಸು ಸುಮಾರು 170 ಕೋಟಿ ವರ್ಷ. ಅದರ ಹೆಸರು ವಿಷ್ಣು ಶಿಸ್ಟ್. ಹೆಸರು ನೋಡಿ ನಾನು ಮುದ್ರಣದೋಷ ಎಂದುಕೊಂಡೆ. ಅಲ್ಲ. 1880ರ ಸುಮಾರಿಗೆ ಅಲ್ಲಿ ಅಧ್ಯಯನ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಕಂದರದ ಒಳಗಿನ ಶಿಖರಗಳು ಪೂರ್ವ ದೇಶಗಳ ದೇವಸ್ಥಾನಗಳ ಹಾಗೆ ಕಂಡವು. ಅವರು ಶುರು ಮಾಡಿದ ಪದ್ಧತಿಯನ್ನು ಉಳಿದವರು ಮುಂದುವರಿಸಿದರು. ಹೀಗಾಗಿ ಅರಿಜೋನಾದಲ್ಲಿ ವಿಷ್ಣು, ಬ್ರಹ್ಮ, ಶಿವ, ಬುದ್ಧ, ಜರತುಷ್ಟ್ರ, ಸುಲೇಮಾನ್ ಎಲ್ಲರ ಹೆಸರಿನ ಶಿಖರಗಳೂ ಅಕ್ಕಪಕ್ಕ ಇವೆ.

ವಿಷ್ಣು ಶಿಸ್ಟ್‌ನ ಮೇಲೆ ಕುಳಿತಿರುವುದು ಟಪೀಟ್ಸ್ ಎಂಬ ಮರಳುಗಲ್ಲು. ಅದರ ವಯಸ್ಸು ಸುಮಾರು 50 ಕೋಟಿ ವರ್ಷ. ಇಲ್ಲಿ ಒಂದು ನಿಮಿಷ ನಿಲ್ಲಿ. ಕೆಳಗಿನ ಕಲ್ಲು 170 ಕೋಟಿ, ಅದಕ್ಕೆ ತಾಗಿಕೊಂಡೇ ಇರುವ ಮೇಲಿನ ಕಲ್ಲು 50 ಕೋಟಿ. ನಡುವಿನ 120 ಕೋಟಿ ವರ್ಷ ಎಲ್ಲಿ? ಎರಡು ಕಲ್ಲಿನ ನಡುವೆ ಅಂಗೈ ಇಟ್ಟರೆ ಅಷ್ಟೂ ಕಾಲ ಅಂಗೈ ಕೆಳಗೆ ಇರುತ್ತದೆ. ಭೂವಿಜ್ಞಾನಿಗಳು ಇದನ್ನು ಮಹಾ ಅಸಂಗತಿ ಎನ್ನುತ್ತಾರೆ. ಆ ಕಾಲದಲ್ಲಿ ಏನೂ ಆಗಲಿಲ್ಲ ಎಂದಲ್ಲ. ಪರ್ವತಗಳು ಎದ್ದವು, ಪದರಗಳು ಕೂಡಿದವು, ಎಲ್ಲವೂ ಸವೆದು ನೆಲಸಮವಾದವು. ಕಂದರದ ಕೆಲವು ಕಡೆ ಮಾತ್ರ ಆ ಕಾಲದ ಒಂದಷ್ಟು ಪದರಗಳು ಓರೆಯಾಗಿ ಸಿಕ್ಕಿಕೊಂಡು ಉಳಿದಿವೆ, ಕಳೆದುಹೋದ ಪುಸ್ತಕದ ನಾಲ್ಕಾರು ವೋಚರ್‌ಗಳು ಡ್ರಾಯರ್‌ನ ಮೂಲೆಯಲ್ಲಿ ಸಿಕ್ಕ ಹಾಗೆ.

ದಾದಾ ಅವರ ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. 1983ರ ಯುಗಾದಿಯ ಹೊತ್ತಿನ ಪುಟ ಮುಗಿದ ಕೂಡಲೇ ಮುಂದಿನ ಪುಟ 1986ರ ಮಳೆಗಾಲ. ನಡುವಿನ ಮೂರು ವರ್ಷ ದಾದಾ ವ್ಯಾಪಾರ ಮಾಡಲಿಲ್ಲವೇ? ಮಾಡಿದ್ದಾರೆ; ಅಬ್ಬೂ ಆಗ ಅಂಗಡಿಯಲ್ಲಿ ಕುಳಿತಿದ್ದು ಅವರಿಗೆ ನೆನಪಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ಆ ಕಾಲವನ್ನು ನೆನಪಿಟ್ಟವರು ಮಾತ್ರ ಯಾರೂ ಇಲ್ಲ. ಆದರೂ ಎಷ್ಟು ಪುಟ ಇಲ್ಲ ಎಂಬುದನ್ನಾದರೂ ಲೆಕ್ಕ ಹಾಕಲು ಸಾಧ್ಯವಾಗಿದೆಯಲ್ಲ, ನನಗೆ ಅದೇ ಈ ಕಂದರದ ಅತಿ ದೊಡ್ಡ ಪಾಠ ಅನ್ನಿಸಿತು. ಭೂಮಿಯ ವಯಸ್ಸು ನೂರಾರು ಕೋಟಿ ವರ್ಷ ಎಂಬ ಮಾತನ್ನು ಕಣ್ಣಿನಿಂದ ನೋಡಬಹುದಾದ ಜಾಗಗಳು ಪ್ರಪಂಚದಲ್ಲಿ ಕಡಿಮೆ.

ಹೊರಗಿನಿಂದ ಬಂದವರಿಗೆ ಇದರ ಬೆಲೆ ತಿಳಿಯಲು ತುಂಬಾ ಕಾಲ ಹಿಡಿಯಿತು. 1540ರಲ್ಲಿ ಹೋಪಿ ಜನರನ್ನು ದಾರಿ ತೋರಿಸಲು ಕರೆದುಕೊಂಡು ಸ್ಪೇನಿನ ಸೈನಿಕರು ಅಂಚಿಗೆ ಬಂದರು, ಕೆಳಗೆ ನದಿಗೆ ಇಳಿಯಲಾಗದೆ ವಾಪಸ್ಸಾದರು. 1857–58ರಲ್ಲಿ ಸರ್ವೆಗೆ ಬಂದ ಅಮೆರಿಕದ ಸೇನಾಧಿಕಾರಿ ಜೋಸೆಫ್ ಐವ್ಸ್, ಇದು ಲಾಭವಿಲ್ಲದ ಜಾಗ, ನಮ್ಮ ನಂತರ ಇಲ್ಲಿಗೆ ಯಾರೂ ಬರಲಾರರು ಎಂಬ ಅರ್ಥದ ವರದಿ ಕೊಟ್ಟರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಪುಸ್ತಕ ಮೌಲ್ಯ ಸೊನ್ನೆ. ಈಗ ವರ್ಷಕ್ಕೆ 50 ಲಕ್ಷದ ಆಸುಪಾಸು ಜನ ಬರುತ್ತಾರೆ.

ಅದನ್ನು ಬದಲಾಯಿಸಿದವರಲ್ಲಿ ಮೊದಲಿಗರು ಜಾನ್ ವೆಸ್ಲಿ ಪೊವೆಲ್. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಮೇಷ್ಟ್ರು. 1869ರ ಮೇ 24ರಂದು ಒಂಬತ್ತು ಜನರನ್ನು ಕರೆದುಕೊಂಡು ನಾಲ್ಕು ದೋಣಿಗಳಲ್ಲಿ ಹೊರಟರು. ಒಂದು ದೋಣಿ ಒಡೆಯಿತು, ಒಬ್ಬ ಬೇಗನೆ ಬಿಟ್ಟು ಹೋದ, ಊಟದ ಸಾಮಾನು ನೀರುಪಾಲಾಯಿತು. ಆಗಸ್ಟ್ 28ರಂದು ಮುಂದಿನ ರಭಸ ನೋಡಿ ಹೆದರಿದ ಮೂವರು ನದಿ ಬಿಟ್ಟು ಗೋಡೆ ಹತ್ತಿ ಹೊರಟರು. ಅವರನ್ನು ಮತ್ತೆ ಯಾರೂ ನೋಡಲಿಲ್ಲ. ನದಿಯಲ್ಲೇ ಉಳಿದ ಆರು ಜನ ಎರಡು ದಿನದಲ್ಲಿ ಸುರಕ್ಷಿತವಾಗಿ ಹೊರಗೆ ಬಂದರು. ಪೊವೆಲ್ ಹೆಸರನ್ನು ನೆನಪಿಡಿ, ಮತ್ತೆ ಬರುತ್ತಾರೆ.

ಆದರೆ ಒಳಗಿನವರು ಮೊದಲಿನಿಂದಲೂ ಇದ್ದರು. ಕಂದರದ ಒಂದು ಕವಲಿನ ತಳದಲ್ಲಿ ಸುಪೈ ಎಂಬ ಹಳ್ಳಿ ಇದೆ. ಅಲ್ಲಿನ ಹವಾಸುಪೈ ಜನರ ಹೆಸರಿನ ಅರ್ಥ ನೀಲಿ-ಹಸಿರು ನೀರಿನವರು ಎಂದು. ರಸ್ತೆ ಇಲ್ಲ, ಸುಮಾರು 13 ಕಿಲೋಮೀಟರ್ ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್. ಅಮೆರಿಕದಂಥ ಅಮೆರಿಕದಲ್ಲಿ ಈ ಹಳ್ಳಿಗೆ ಅಂಚೆ ಹೋಗುವುದು ಹೇಸರಗತ್ತೆಗಳ ಮೇಲೆ. ಮೇಲಿನ ಬಯಲಿನಲ್ಲಿ ಚಳಿಗಾಲದ ಬೇಟೆ, ಬೇಸಿಗೆಯಲ್ಲಿ ಕೆಳಗೆ ಬೇಸಾಯ ಎಂದು ಬದುಕಿದ್ದ ಇವರನ್ನು 1882ರಲ್ಲಿ ಸರ್ಕಾರ ಕಂದರದ ತಳದ 518 ಎಕರೆಗೆ ಸೀಮಿತ ಮಾಡಿತು. 1919ರಲ್ಲಿ ಸುತ್ತಲಿನ ಜಾಗ ರಾಷ್ಟ್ರೀಯ ಉದ್ಯಾನವಾಯಿತು. ಪ್ರವಾಸಿಗರಿಗೆ ತೆರೆದ ಜಾಗ ಅಲ್ಲಿ ಹುಟ್ಟಿದವರಿಗೆ ಮುಚ್ಚಿತು. ಬಿಡದೆ ಹೋರಾಡಿ 1975ರಲ್ಲಿ ಸುಮಾರು 1 ಲಕ್ಷ 85 ಸಾವಿರ ಎಕರೆ ವಾಪಸ್ ಪಡೆದರು. 1979ರಲ್ಲಿ ಯುನೆಸ್ಕೊ ಗ್ರ್ಯಾಂಡ್ ಕ್ಯಾನ್ಯನ್ನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಎಲ್ಲ ಪುಸ್ತಕದಲ್ಲೂ ಇರುತ್ತದೆ, 1975ರ ವಿಷಯ ಕೆಲವದರಲ್ಲಿ ಮಾತ್ರ.

ಇಷ್ಟು ಓದಿದ ಮೇಲೆ ಲೇಖನ ಮುಗಿಸುವವಳಿದ್ದೆ. ಆಗ ಒಂದು ಒಪ್ಪಂದ ಸಿಕ್ಕಿತು. ನಾನು ಕಾಮರ್ಸ್ ವಿದ್ಯಾರ್ಥಿನಿಯಾಗಿ ಇದನ್ನು ಬಿಡಲು ಆಗಲಿಲ್ಲ.

1922ರ ನವೆಂಬರ್ 24ರಂದು ಏಳು ರಾಜ್ಯಗಳು ಕೊಲೊರಾಡೊ ನದಿಯ ನೀರು ಹಂಚಿಕೊಂಡವು. ಗಡಿ ಗುರುತು ಲೀಸ್ ಫೆರ್ರಿಯ ಹತ್ತಿರ, ಅಂದರೆ ಗ್ರ್ಯಾಂಡ್ ಕ್ಯಾನ್ಯನ್ ಶುರುವಾಗುವ ಬಾಗಿಲಿನಲ್ಲೇ. ಅದರ ಮೇಲಿನ ನಾಲ್ಕು ರಾಜ್ಯಗಳು ಮೇಲ್ಕಣಿವೆ, ಕೆಳಗಿನ ಮೂರು ಕೆಳಕಣಿವೆ. ಪ್ರತಿ ಕಣಿವೆಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ ನೀರು. ಈ ಅಳತೆ ನಮಗೆ ಅರ್ಥವಾಗದು, ಕಾವೇರಿ ಸುದ್ದಿ ಓದುವ ನಮಗೆ ಗೊತ್ತಿರುವುದು ಟಿಎಂಸಿ. ಲೆಕ್ಕ ಮಾಡಿದೆ: ಒಂದೊಂದು ಕಣಿವೆಗೆ ಸುಮಾರು 327 ಟಿಎಂಸಿ, ಎರಡೂ ಸೇರಿ 653. 1944ರಲ್ಲಿ ಮೆಕ್ಸಿಕೊಗೆ ಇನ್ನೂ 65 ಕೊಡುವ ಒಪ್ಪಂದವಾಯಿತು. ಒಟ್ಟು 718. ಕಾವೇರಿ ನ್ಯಾಯಮಂಡಳಿ ಹಂಚಿದ್ದು 740 ಟಿಎಂಸಿ. ಹೆಚ್ಚುಕಡಿಮೆ ಅಷ್ಟೇ ನೀರಿನ ಮಾತು. ಇದರಲ್ಲಿ ಹವಾಸುಪೈ ಅಥವಾ ಬೇರೆ ಯಾವ ಮೂಲನಿವಾಸಿಗಳನ್ನೂ ಮಾತುಕತೆಗೆ ಕರೆದಿರಲಿಲ್ಲ.

ಈಗ ಜಮಾ ಕಡೆ ನೋಡಿ. 2000ದಿಂದ ಈಚೆಗೆ ಆ ನದಿಗೆ ವರ್ಷಕ್ಕೆ ಸರಾಸರಿ ಬರುತ್ತಿರುವ ನೀರು 540 ಟಿಎಂಸಿ ಆಸುಪಾಸು. ಕೊಟ್ಟ ಮಾತು 718, ಕೈಗೆ ಬರುವುದು 540. ಜಲಾಶಯಗಳಿಂದ ಆವಿಯಾಗಿ ಹೋಗುವ ನೀರನ್ನು ಕೆಳಕಣಿವೆಯವರು ತಮ್ಮ ಪಾಲಿನ ಖರ್ಚಿನಲ್ಲಿ ಬರೆಯುತ್ತಲೇ ಇರಲಿಲ್ಲ. ನಮ್ಮ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ.

ಇಷ್ಟು ದೊಡ್ಡ ತಪ್ಪು ಹೇಗಾಯಿತು? 1922ರ ಹೊತ್ತಿಗೆ ಅವರ ಹತ್ತಿರ ಇದ್ದದ್ದು ಕೆಲವೇ ವರ್ಷಗಳ ಅಳತೆ. ಅವು ಹಿಮ, ಮಳೆ ಚೆನ್ನಾಗಿ ಬಿದ್ದ ವರ್ಷಗಳಾಗಿದ್ದವು. ಮುಂದೆ ಮರದ ಉಂಗುರಗಳನ್ನು ಎಣಿಸಿದಾಗ ಆ ಇಪ್ಪತ್ತು ವರ್ಷ ಹಲವು ಶತಮಾನಗಳಲ್ಲೇ ಹೆಚ್ಚು ನೀರಿದ್ದ ಕಾಲ ಎಂದು ಗೊತ್ತಾಯಿತು. ಅತಿ ಒಳ್ಳೆಯ ವರ್ಷಗಳನ್ನು ನೋಡಿ ಅದೇ ಸರಾಸರಿ ಎಂದುಕೊಂಡರು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮದೇ ಅಂಗಡಿ. ಅಬ್ಬೂಗೆ ರೆಡಿಮೇಡ್ ಬಟ್ಟೆಯ ಚಿಕ್ಕ ವ್ಯಾಪಾರ. ನಾನು ಆರನೇ ತರಗತಿಯಲ್ಲಿದ್ದಾಗ ಒಂದು ರಂಜಾನ್ ತಿಂಗಳಲ್ಲಿ ವ್ಯಾಪಾರ ಎಂದೂ ಆಗದಷ್ಟು ಚೆನ್ನಾಗಿ ಆಯಿತು. ರಾತ್ರಿ ಒಂದು ಗಂಟೆಯವರೆಗೂ ಗಿರಾಕಿಗಳು. ಆ ಉತ್ಸಾಹದಲ್ಲಿ ಅಬ್ಬೂ ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದರು, ಮುಂಗಡ ಕೊಟ್ಟು ಮೂರು ವರ್ಷಕ್ಕೆ ಕರಾರು ಮಾಡಿಕೊಂಡರು. ಈದ್ ಮುಗಿಯಿತು. ಗಿರಾಕಿಗಳು ಒಂದು ತಿಂಗಳಿನವರು, ಬಾಡಿಗೆ ಹನ್ನೆರಡು ತಿಂಗಳಿನದು. ಎರಡನೇ ವರ್ಷದ ಹೊತ್ತಿಗೆ ಅಮ್ಮಿಯ ಕೈಬಳೆಗಳು ಮನೆಯಲ್ಲಿರಲಿಲ್ಲ. ಆ ಮಳಿಗೆಯ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕೊಲೊರಾಡೊ ಒಪ್ಪಂದವನ್ನು ನಾನು ಊಟದ ಹೊತ್ತಿನಲ್ಲಿ ಅಬ್ಬೂಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಟಾ, ಅಷ್ಟು ಜನರಲ್ಲಿ ಅಂಗಡಿ ನಡೆಸಿದವರು ಒಬ್ಬರೂ ಇರಲಿಲ್ಲವಾ?" ಎಂದು ಕೇಳಿದರು. ಆ ಮಾತುಕತೆಯ ಅಧ್ಯಕ್ಷತೆ ವಹಿಸಿದ್ದ ಹರ್ಬರ್ಟ್ ಹೂವರ್ ಆಗ ಅಮೆರಿಕದ ವಾಣಿಜ್ಯ ಮಂತ್ರಿ ಎಂದೆ. ಅಬ್ಬೂ ಜೋರಾಗಿ ನಕ್ಕರು. ಆ ಮಳಿಗೆಗೆ ಸಂಬಂಧಪಟ್ಟ ಮಾತಿನಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ, ಅಂಗಡಿ ಹೆಸರು ಹಾಕಬೇಡ" ಅಂದರು.

ಎಚ್ಚರಿಸಿದವರು ಇರಲಿಲ್ಲ ಎಂದಲ್ಲ. ಅದೇ ಒಂದು ಕೈಯ ಪೊವೆಲ್, ಮುಂದೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದಾಗ, 1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮ್ಮೇಳನದಲ್ಲಿ ಎದ್ದು ನಿಂತು, ಪಶ್ಚಿಮದ ಇಷ್ಟೆಲ್ಲ ಭೂಮಿಗೆ ಒದಗಿಸುವಷ್ಟು ನೀರಿಲ್ಲ ಎಂದರು. ಸಭೆ ಕೂಗಿ ಅವರನ್ನು ಅವಮಾನಿಸಿತು. 1963ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ಮೇಲ್ಭಾಗದಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ತುಂಬಿಸಲು ಶುರು ಮಾಡಿದರು. ಆ ಜಲಾಶಯಕ್ಕೆ ಇಟ್ಟ ಹೆಸರು ಲೇಕ್ ಪೊವೆಲ್.

ಅಣೆಕಟ್ಟಿನಿಂದ ಕಂದರಕ್ಕೆ ಏನಾಯಿತು ಎಂಬುದೂ ಸವಕಳಿಯ ಕಥೆಯೇ. ಕೊಲೊರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಪು ಬಣ್ಣದ್ದು ಎಂದರ್ಥ. ಕೆಸರು ಹೊತ್ತು ಅಷ್ಟು ಕೆಂಪಗೆ ಹರಿಯುತ್ತಿತ್ತು. ಈಗ ಕೆಸರು, ಮರಳೆಲ್ಲ ಜಲಾಶಯದ ತಳದಲ್ಲಿ ಕುಳಿತುಬಿಡುತ್ತದೆ. ಕಂದರದ ಬಾಗಿಲಿಗೆ ಬರುತ್ತಿದ್ದ ಮರಳಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನಿಂತುಹೋಗಿದೆ. ಹೊರಗೆ ಬರುವುದು ತಿಳಿಯಾದ, ತಣ್ಣನೆಯ, ಹಸಿರು ನೀರು. ಎಷ್ಟು ಹೊತ್ತಿಗೆ ಎಷ್ಟು ನೀರು ಎಂಬುದನ್ನು ಈಗ ಹಿಮ ತೀರ್ಮಾನಿಸುವುದಿಲ್ಲ. ಜನರಿಗೆ ಯಾವಾಗ ಕರೆಂಟು ಬೇಕು, ಕೆಳಗಿನ ರಾಜ್ಯಗಳಿಗೆ ಎಷ್ಟು ನೀರು ಬಾಕಿ ಇದೆ ಎಂಬುದು ತೀರ್ಮಾನಿಸುತ್ತದೆ. ನದಿಯ ಪಕ್ಕದ ಮರಳಿನ ದಂಡೆಗಳು ಕೊಚ್ಚಿ ಹೋಗುತ್ತಿವೆ, ಹೊಸ ಮರಳು ಬಂದು ತುಂಬುತ್ತಿಲ್ಲ. ಬೆಚ್ಚಗಿನ ಕೆಸರು ನೀರಿಗೆ ಒಗ್ಗಿದ್ದ ಅಲ್ಲಿನ ಮೀನುಗಳಿಗೆ ಕಷ್ಟವಾಗಿದೆ. 1996ರಿಂದ ಆಗಾಗ ಅಣೆಕಟ್ಟಿನಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟು ಕೃತಕ ಪ್ರವಾಹ ಮಾಡಿ ದಂಡೆಗಳನ್ನು ಉಳಿಸಲು ನೋಡುತ್ತಿದ್ದಾರೆ.

ಕಂದರದಲ್ಲೇ ಇನ್ನೂ ಎರಡು ಅಣೆಕಟ್ಟು ಕಟ್ಟುವ ಯೋಜನೆ 1960ರ ದಶಕದಲ್ಲಿತ್ತು. ನೀರು ನಿಂತರೆ ಪ್ರವಾಸಿಗರು ದೋಣಿಯಲ್ಲಿ ಹೋಗಿ ಗೋಡೆಗಳನ್ನು ಹತ್ತಿರದಿಂದ ನೋಡಬಹುದು ಎಂಬ ವಾದವನ್ನೂ ಮುಂದಿಟ್ಟಿದ್ದರು. ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ 1966ರ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು ವಿರೋಧಿಸಿತು. ಮರುದಿನವೇ ತೆರಿಗೆ ಇಲಾಖೆಯಿಂದ ನೋಟಿಸ್! ಆ ಸಂಸ್ಥೆಗೆ ದೇಣಿಗೆ ಕೊಟ್ಟವರಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿ (ನಮ್ಮಲ್ಲಿ 80ಜಿ ಇದೆಯಲ್ಲ, ಆ ತರಹದ್ದು) ಹೋಯಿತು. ಆದರೆ ಈ ಸುದ್ದಿಯಿಂದಲೇ ಜನರಿಗೆ ಸಿಟ್ಟು ಬಂದು ಸದಸ್ಯರ ಸಂಖ್ಯೆ ಏರಿತು. 1968ರ ಕಾನೂನಿನಲ್ಲಿ ಆ ಎರಡು ಅಣೆಕಟ್ಟುಗಳು ಇರಲಿಲ್ಲ. ತೆರಿಗೆಯ ಪಾಠದಲ್ಲಿ ಇಂಥ ಉದಾಹರಣೆ ಕೊಟ್ಟರೆ ನಮಗೆ ನಿದ್ದೆ ಬರುವುದಿಲ್ಲ ಎಂದು ಈ ಮೂಲಕ ವಿನಂತಿ.

ಕಂದರದಿಂದ ಹೊರಬಂದ ನೀರು ಸೇರುವುದು ಹೂವರ್ ಅಣೆಕಟ್ಟಿನ ಲೇಕ್ ಮೀಡ್ ಜಲಾಶಯಕ್ಕೆ. ಹೌದು, ಅದೇ ವಾಣಿಜ್ಯ ಮಂತ್ರಿಯ ಹೆಸರು. ಆ ಜಲಾಶಯ 2022ರ ಜುಲೈನಲ್ಲಿ ಸುಮಾರು 27 ಶೇಕಡಾಕ್ಕೆ ಇಳಿಯಿತು. 1930ರ ದಶಕದಲ್ಲಿ ತುಂಬಲು ಶುರುವಾದ ಮೇಲೆ ಅಷ್ಟು ಕೆಳಗೆ ಇಳಿದದ್ದು ಅದೇ ಮೊದಲು. ಗೋಡೆಗಳ ಮೇಲೆ ಮೊದಲು ನೀರಿದ್ದ ಮಟ್ಟ ಬಿಳಿ ಪಟ್ಟಿಯಾಗಿ ಕಾಣುತ್ತದೆ, ಸ್ನಾನದ ಬಕೆಟ್ಟಿನ ಒಳಗೆ ಗಡಸು ನೀರಿನ ಕಲೆ ನಿಂತ ಹಾಗೆ. ಕೊರತೆ ಬಂದಾಗ ಯಾರು ಎಷ್ಟು ಕಡಿಮೆ ಮಾಡಬೇಕು ಎಂದು 2007ರಲ್ಲಿ ಮಾಡಿಕೊಂಡ ನಿಯಮಗಳ ಅವಧಿ 2026ರ ಕೊನೆಗೆ ಮುಗಿಯುತ್ತದೆ.

60 ಲಕ್ಷ ವರ್ಷ ಕಲ್ಲನ್ನು ಕೊರೆದ ನದಿ 1960ರ ದಶಕದಿಂದ ಈಚೆಗೆ ಸಾಮಾನ್ಯವಾಗಿ ಸಮುದ್ರ ಮುಟ್ಟುವುದೇ ಇಲ್ಲ. ಮೆಕ್ಸಿಕೊದ ಹೊಲಗಳನ್ನು ದಾಟುವ ಹೊತ್ತಿಗೆ ಮರಳಿನಲ್ಲಿ ಮುಗಿದುಹೋಗುತ್ತದೆ. 2014ರಲ್ಲಿ ಎರಡೂ ದೇಶಗಳು ಒಪ್ಪಿ ಬೇಕೆಂದೇ ನೀರು ಬಿಟ್ಟಾಗ ಕೆಲವು ದಿನ ಮುಟ್ಟಿತು. ಒಣಗಿದ ಪಾತ್ರದಲ್ಲಿ ನೀರು ಬರುವುದನ್ನು ನೋಡಲು ಆ ಊರುಗಳ ಜನ ಮಕ್ಕಳನ್ನು ಕರೆದುಕೊಂಡು ಬಂದಿದ್ದರು.

ನಮ್ಮ ಲೈಬ್ರರಿಯ ಅಟ್ಲಾಸಿನಲ್ಲಿ ಆ ನೀಲಿ ಗೆರೆ ಈಗಲೂ ಕ್ಯಾಲಿಫೋರ್ನಿಯಾ ಕೊಲ್ಲಿಯವರೆಗೆ ಎಳೆದೇ ಇದೆ. ಅದರ ಪಕ್ಕದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಲೈಬ್ರರಿ ಮೇಡಂ ಕ್ಷಮಿಸಬೇಕು, ಬೇಕೆಂದರೆ ಅಳಿಸಬಹುದು.